ಯುದ್ಧಕ್ಕೆ ಹೋಗದವನ ಶಿರಸ್ತ್ರಾಣ

"ಅಲ್ಲಾಡಬೇಡ," ಎನ್ನುತ್ತ ಲೀಲಾಧರ ಮಗಳ ಎದೆಗೆ ತಗಡಿನ ಕವಚ ಕಟ್ಟುತ್ತಿದ್ದ. ಗಲ್ಫಿನ ಮನಾಮಾದ ಆ ಪುಟ್ಟ ಫ್ಲಾಟಿನ ಹಾಲಿನಲ್ಲಿ ಖುಷಿ ಕೈ ಅಗಲಿಸಿ ನಿಂತಿದ್ದಳು. ನಾಳೆ ಶಾಲೆಯಲ್ಲಿ ನಾಟಕ. ಇಪ್ಪತ್ತು ವರ್ಷ ಎಸಿಯ ಗಾಳಿ ಹೋಗುವ ಡಕ್ಟಿನ ತಗಡು ಮಡಚಿದ ಕೈಗೆ ಇದೇನು ಮಹಾ ಕೆಲಸವಲ್ಲ. ಆದರೂ ಇವತ್ತು ಒಂದು ಗಂಟೂ ನೆಟ್ಟಗೆ ಬೀಳುತ್ತಿರಲಿಲ್ಲ.

"ಕಥೆ ಎಂತ ಪುಟ್ಟಾ?"

"ಜರ್ಮನಿದು ಪಪ್ಪಾ. ಫೈವ್ ಹಂಡ್ರೆಡ್ ಇಯರ್ಸ್ ಹಿಂದೆ. ನೈಟ್ಸ್ ಅಂದ್ರೆ ಕುದುರೆ ಮೇಲೆ ಫೈಟ್ ಮಾಡುವವರು. ತೋಪು ಬಂದ ಮೇಲೆ ಅವರು ಯಾರಿಗೂ ಬೇಡ ಆದ್ರು. ದೊಡ್ಡ ದೊರೆಗಳು ಅವರ ಪವರೆಲ್ಲ ತೆಗೆದ್ರು. ಅದಕ್ಕೆ ಒಬ್ಬ ನೈಟ್ ಎದ್ದು ನಿಂತ. ಫ್ರೆಂಡ್ಸೆಲ್ಲ ಬರ್ತೇವೆ ಅಂದ್ರು. ಅವ ಕೋಟೆಯಲ್ಲಿ ಕಾದದ್ದೇ ಕಾದದ್ದು, ಯಾರೂ ಬರ್ಲಿಲ್ಲ. ತೋಪಲ್ಲಿ ಗೋಡೆ ಒಡೆದ್ರು, ಅವ ಸತ್ತ."

"ನೀನು ಆ ನೈಟಾ?"

"ಅಲ್ಲ, ಬರ್ತೇನೆ ಅಂತ ಹೇಳಿ ಬಾರದ ಫ್ರೆಂಡ್. ಒಂದೇ ಡೈಲಾಗ್ ನಂಗೆ." ಅವಳ ಮುಖ ಊದಿಕೊಂಡಿತು. "ಅವ ಯಾಕೆ ಹೋಗ್ಲಿಲ್ಲ ಪಪ್ಪಾ?"

ಲೀಲಾಧರನ ಕೈ ನಿಂತಿತು. ಟುಬ್ಲಿಯಲ್ಲಿ ಅವನು ಕೆಲಸ ಮಾಡುವ ವರ್ಕ್‌ಶಾಪಿಗೆ ಹೊಸ ಮೆಷಿನ್ ಬಂದ ಮೇಲೆ ಕೈಕೆಲಸದ ಐವರನ್ನೂ ಲಾರಿಗೆ ಸಾಮಾನು ಹೊರಲು ಹಾಕಿದ್ದರು. ಐವರೂ ಒಟ್ಟಿಗೆ ಹೋಗಿ ಮ್ಯಾನೇಜರನ್ನು ಕೇಳುವುದೆಂದು ಮಾತಾಗಿತ್ತು. ಇವತ್ತು ಬೆಳಿಗ್ಗೆ ಫೋರ್ಮನ್ ಆಲ್ಫೋನ್ಸ್ ಮುಂದೆ ನಡೆದ. ಮ್ಯಾನೇಜರನ ಕೋಣೆಗೆ ಹತ್ತುವ ಮೆಟ್ಟಿಲ ಬುಡದಲ್ಲಿ ಲೀಲಾಧರ ಶೂ ಲೇಸ್ ಕಟ್ಟಲು ಬಗ್ಗಿದ. ಲೇಸ್ ಬಿಚ್ಚಿರಲೇ ಇಲ್ಲ. ಮುಂದಿನ ತಿಂಗಳು ವೀಸಾ ರಿನ್ಯೂ ಆಗಬೇಕು, ಖುಷಿಯ ಶಾಲೆ ಅರ್ಧದಲ್ಲಿದೆ. ಬಗ್ಗಿದ ಬೆನ್ನು ಮೇಲೇಳಲಿಲ್ಲ. ಅವನನ್ನು ನೋಡಿ ಉಳಿದ ಮೂವರೂ ಅಲ್ಲೇ ನಿಂತರು. ಆಲ್ಫೋನ್ಸ್ ಒಬ್ಬನೇ ಹತ್ತಿದ, ಐದು ನಿಮಿಷದಲ್ಲಿ ಇಳಿದು ಬಂದು, ಯಾರನ್ನೂ ನೋಡದೆ ಬ್ಯಾಗು ತೆಗೆದುಕೊಂಡು ಹೊರಟುಹೋದ.

ಬೆಲ್ ಆಯಿತು. ಬಾಗಿಲಲ್ಲಿ ಆಲ್ಫೋನ್ಸ್! ತನ್ನ ರೂಮಿರುವ ಅರಾದ್‌ನಿಂದ ಬಸ್ ಹಿಡಿದು ಬಂದಿದ್ದ, ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ಖುಷಿಗೆ ಶಿರಸ್ತ್ರಾಣ ಮಾಡಿಕೊಡುತ್ತೇನೆಂದು ಅವನು ಹೋದ ವಾರ ಹೇಳಿದ್ದು ಲೀಲಾಧರನಿಗೆ ಮರೆತೇಹೋಗಿತ್ತು.

"ಆಲ್ಫೋನ್ಸಣ್ಣ... ಮೇಲೆ ಎಂತ ಹೇಳಿದ್ರು?"

"ಎಂತ ಹೇಳುದು ಮಾರಾಯ, ತಿಂಗಳ ಕೊನೆಗೆ ಖಲಾಸ್. ಊರಿಗೆ ಹೋಗುದು." ಬಸ್ಸಿನ ಟೈಮು ಹೇಳಿದಷ್ಟೇ ಹಗುರವಾಗಿ ಹೇಳಿ, ಶಿರಸ್ತ್ರಾಣವನ್ನು ಖುಷಿಯ ತಲೆಗಿಟ್ಟ. ಅಳತೆ ತೆಗೆಯದೆ ಮಾಡಿದ್ದು, ಸರಿಯಾಗಿ ಕೂತಿತು.

"ಅಂಕಲ್, ನಂಗೆ ಇದು ಯಾಕೆ? ನಾನು ಯುದ್ಧಕ್ಕೇ ಹೋಗುದಿಲ್ಲ. ಫ್ರೆಂಡಿಗೆ ಚೀಟ್ ಮಾಡಿ ಮನೆಯಲ್ಲೇ ಕೂತ್ಕೊಳ್ಳುದು."

ಲೀಲಾಧರ ನೆಲ ನೋಡಿದ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು.

"ಕೂತವನಿಗೂ ತಲೆ ಉಂಟಲ್ಲಾ ಮಗಾ," ಎಂದ ಆಲ್ಫೋನ್ಸ್. "ಮನೇಲಿ ಮಕ್ಕಳೂ ಇರ್ತಾರೆ." ಶಿರಸ್ತ್ರಾಣ ತೆಗೆದು ಲೀಲಾಧರನ ಕೈಗೆ ಕೊಟ್ಟ. "ಅಂಚೆಲ್ಲ ಮಡಚಿದ್ದೇನೆ. ಚುಚ್ಚುದಿಲ್ಲ, ನೋಡು."

ಇಪ್ಪತ್ತು ವರ್ಷದ ಹಿಂದೆ ಅಂಚು ಮಡಚಲು ಕಲಿಸಿದವನೂ ಇವನೇ. ಲೀಲಾಧರ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದ, ಒಂದು ಸುತ್ತು, ಇನ್ನೊಂದು ಸುತ್ತು. ಎಲ್ಲಾದರೂ ಒಂದು ಕಡೆ ಚುಚ್ಚಿದ್ದರೆ ಚೆನ್ನಾಗಿತ್ತು.