ಗೊರಗೊರ ಎನ್ನುವ ರೇಡಿಯೊ

ಧಾರವಾಡದ ಸಿಂಧೂಬಾಯಿಗೆ ರೇಡಿಯೊ ರಿಪೇರಿಯ ಗಂಧಗಾಳಿಯಿಲ್ಲ. ಆದರೂ ರಿಪೇರಿಯವರ ಆನ್‌ಲೈನ್ ಬಳಗ ಸೇರಿದ್ದರು. ತೀರಿಕೊಂಡ ಗಂಡ ವೆಂಕೋಬರಾಯರು, ಎಲ್ಲ ತೀರಿಕೊಂಡವರಂತೆ, ಬದುಕಿದ್ದಾಗ ಸೇರಿದ್ದ ಬಳಗದಲ್ಲಷ್ಟೇ ಮಾತಿಗೆ ಸಿಗುತ್ತಿದ್ದರು. ಅಲ್ಲಿ ರಿಪೇರಿಯ ಪ್ರಶ್ನೆಗಷ್ಟೇ ಅವಕಾಶ; ಹಾಗಾಗಿ ದಿನಾ ಬೆಳಿಗ್ಗೆ ಆಕೆ, ‘ರೇಡಿಯೊ ಗೊರಗೊರ ಅನ್ನುತ್ತಿದೆ’ ಎಂದು ಸುಳ್ಳೇ ಬರೆಯುವರು.

“ತಂತಿ ಬಿಗಿ ಮಾಡು. ಬಿಪಿ ಗುಳಿಗಿ ತೊಗೊಂಡಿಯೇನು?” ಎಂದು ರಾಯರ ಉತ್ತರ ಬರುವುದು.

ಸೋಮವಾರ ಬಳಗದ ತಾಣಕ್ಕೆ ಹೊಸ ವಿನ್ಯಾಸ ಬಂತು. ಹಿಂದೆ ಯಾರಾದರೂ ಕೇಳಿದ್ದ ಪ್ರಶ್ನೆಗೆ ಈಗ ತಾಣವೇ ಉತ್ತರಿಸುತ್ತದೆ, ಸದಸ್ಯರಿಗೆ ಮುಟ್ಟಿಸುವುದಿಲ್ಲ.

“ಚಂದ ಇದ್ದದ್ದನ್ನ ಯಾವ ಮುಠ್ಠಾಳ ಕೆಡಿಸ್ಯಾನ?” ಎನ್ನುತ್ತ ಸಿಂಧೂಬಾಯಿ ಮೂರು ದಿನ ಹೊಸ ಹೊಸ ದೋಷ ಹುಟ್ಟಿಸಿ ಬರೆದರು. ಎಲ್ಲಕ್ಕೂ ತಾಣದ ಬಳಿ ಉತ್ತರವಿತ್ತು. ನಾಲ್ಕನೆಯ ದಿನ ರಾಯರ ರೇಡಿಯೊವನ್ನೇ ಒರಳುಕಲ್ಲಿಗೆ ಅಪ್ಪಳಿಸಿ, ಚೂರುಗಳ ಫೋಟೊ ಹಾಕಿದರು.

ತಾಣ ತಕ್ಷಣ ಉತ್ತರಿಸಿತು: “ಇದು ರಿಪೇರಿಯಾಗದು. ನಿಮಗಿನ್ನು ಈ ಬಳಗದ ಅಗತ್ಯವಿಲ್ಲ. ವಂದನೆಗಳು.”