ಆಯಿಯ ಟರ್ಪಂಟೈನ್

ಬಾಗಿಲಿಗೆ ಬಣ್ಣ ಹಚ್ಚಲು ಬಂದವನು ಟರ್ಪಂಟೈನ್ ಡಬ್ಬಿ ತೆರೆದ. ನನ್ನ ಕೈ ತಾನಾಗಿ ಮೊಣಕಾಲಿಗೆ ಹೋಯಿತು.

ಅಜ್ಜಿಗೆ ನಾವು ಆಯಿ ಎನ್ನುತ್ತಿದ್ದೆವು. ಎಪ್ಪತ್ತರ ದಶಕದಲ್ಲಿ, ನಮ್ಮೂರು ಅಗರಖೇಡದಲ್ಲಿ, ಅವಳ ಮೊಣಕಾಲು ತಿಕ್ಕುವುದು ನನ್ನ ಕೆಲಸ. ಒಂದು ಮಧ್ಯಾಹ್ನ ಕರ್ಪೂರ ಕರಗಿಸಿದ ಟರ್ಪಂಟೈನನ್ನು ಸುಕ್ಕುಗಳೊಳಗೆ ಇಳಿಯುವಂತೆ ತಿಕ್ಕಿ, ಬಿಸಿ ಮಾಡಿದ ಎಕ್ಕದ ಎಲೆ ಕಟ್ಟಿದೆ.

"ಇದು ಯಾವ ಗಿಡದ ಎಣ್ಣಿ, ಆಯಿ?"

"ಹಿಮ ಬೀಳೂ ಗುಡ್ಡದಾಗಿನ ಗಿಡದ್ದಂತ. ಥಂಡ್ಯಾಗ ನಿಂತು ನಿಂತು ಬಿಸಿ ಕೂಡಿಸಿ ಇಟ್ಟಿರತೈತಿ."

ಕೈ ತೊಳೆಯಲು ಎದ್ದೆ. ಆಯಿ ಲಂಗದ ಚುಂಗು ಹಿಡಿದು ಕೂರಿಸಿ, ನನ್ನ ಅಂಗೈಯಲ್ಲಿ ಉಳಿದಿದ್ದನ್ನು ನನ್ನದೇ ಮೊಣಕಾಲಿಗೆ ಒರೆಸತೊಡಗಿದಳು.

"ನನಗೆಲ್ಲಿ ನೋವೈತಿ?" ಎಂದು ನಕ್ಕೆ.

"ಇವತ್ತಿಲ್ಲ ಯವ್ವಾ," ಎಂದಳು, ಕೈ ನಿಲ್ಲಿಸದೆ. "ಬಂದಾಗ ತಿಕ್ಕಾಕ ನಾ ಇರಬೇಕಲ್ಲ."