ಬೂತಾಯಿ ಸಾರು

ಊದಿದ ಹೆಬ್ಬೆರಳನ್ನು ನೆಲಕ್ಕೆ ತಾಗಿಸದೆ ಕುಂಟುತ್ತ ಬಂದ ಕೂಸಪ್ಪಣ್ಣ, ವೈದ್ಯರ ಎದುರು ಮೆಲ್ಲನೆ ಕುಳಿತರು.

“ಯೂರಿಕ್ ಆಸಿಡ್ ಪುನಃ ಹತ್ತಕ್ಕೆ ಏರಿದೆಯಲ್ಲ. ಬೂತಾಯಿ ಮೀನು ಮುಟ್ಟಬೇಡಿ ಅಂದಿದ್ದೆ.”

“ದಿನಾ ತಿಂತೇನೆ ಡಾಕ್ಟ್ರೇ.”

“ನಾಲಗೆ ಅಷ್ಟೂ ಕೇಳುವುದಿಲ್ವಾ ಮಾರಾಯ್ರೇ? ನಾಳೆ ಕಿಡ್ನಿಗೆ ಬಂದರೆ? ಪಥ್ಯದ ಚೀಟಿಯನ್ನು ನಿಮ್ಮ ಹೆಂಡತಿಯ ಕೈಗೇ ಕೊಟ್ಟಿದ್ದೆ.”

“ಅಡುಗೆಮನೆಯ ಗೋಡೆಗೆ ಅವಳೇ ಅಂಟಿಸಿದ್ದಾಳೆ.”

“ಮತ್ತೆ ಬಡಿಸುವುದು ಯಾರು?”

“ಅವಳೇ.”

“ಅವರನ್ನು ಕರಕೊಂಡು ಬನ್ನಿ, ನಾನೇ ಬೈತೇನೆ.”

ಕೂಸಪ್ಪಣ್ಣನನ್ನು ಹೆಬ್ಬೆರಳಿನ ನೋವಿಗಿಂತ ಆ ಮಾತೇ ಹೆಚ್ಚು ನೋಯಿಸಿತು.

“ಬೈಯಬೇಡಿ ಡಾಕ್ಟ್ರೇ. ಈಚೆಗೆ ಅವಳಿಗೆ ಮಕ್ಕಳ ಹೆಸರು ಮರೆತಿದೆ, ನನ್ನ ಮುಖವೂ ಮರೆತಿದೆ. ‘ನಮ್ಮ ಯಜಮಾನರಿಗೆ ಬೂತಾಯಿ ಅಂದ್ರೆ ಪ್ರಾಣ, ನೀವೂ ಸ್ವಲ್ಪ ಉಣ್ಣಿ’ ಅಂತ ಬಡಿಸುತ್ತಾಳೆ.”